ಗೃಹಸ್ಥರ ಪುಟ: ಇಬ್ಬರೂ ಕೂಡಿ ತಲೆಬಾಗುವ ಹೊತ್ತು

ಈಸ್ಟರ್ ಹಬ್ಬ ಮುಗಿಯಿತೆಂದರೆ ನಮ್ಮ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಮದುವೆಯ ಓಡಾಟ ಮೊದಲಾಗುತ್ತದೆ. ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಮದುವೆ ಇಟ್ಟುಕೊಳ್ಳುವ ವಾಡಿಕೆ ಸಾಮಾನ್ಯವಾಗಿ ಇಲ್ಲ. ಆದುದರಿಂದ ಅದುವರೆಗೆ ತಡೆದಿಟ್ಟ ಸಡಗರವೆಲ್ಲ ಏಪ್ರಿಲ್, ಮೇ ತಿಂಗಳುಗಳಲ್ಲಿ ಒಮ್ಮೆಗೇ ಹೊರಬೀಳುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಿಂದ ಮಂಗಳೂರಿಗೂ ಹುಬ್ಬಳ್ಳಿ ಧಾರವಾಡಗಳಿಗೂ ಬೀದರಿಗೂ ಹೊರಟ ರೈಲುಗಳಲ್ಲಿ ಮದುವೆಯ ಸೀರೆಗಳು ಪ್ರಯಾಣ ಮಾಡುತ್ತವೆ. ಸಭೆಯಲ್ಲಿ ಮೂರು ಭಾನುವಾರ ವಿವಾಹದ ಪ್ರಕಟಣೆಯನ್ನು ಓದುತ್ತಾರೆ. ಮಂಗಳೂರಿನ ಕೆಥೋಲಿಕ್ ಮನೆಗಳಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ರೋಸ್ ಶಾಸ್ತ್ರ ಮಾಡುತ್ತಾರೆ. ಉಂಗುರ ಬರುತ್ತದೆ, ಹಲವೆಡೆ ತಾಳಿಯೂ ಬರುತ್ತದೆ; ಹಾಡು, ಊಟ, ಫೋಟೋ ಎಲ್ಲವೂ ಸಾಂಗವಾಗಿ ನಡೆಯುತ್ತವೆ. ಒಂದು ದಿನದ ಕಾರ್ಯಕ್ಕಾಗಿ ಆರು ತಿಂಗಳ ಸಿದ್ಧತೆ! ಇರಲಿ, ಸಂತೋಷವೇ. ಆದರೆ ಆ ದಿನದ ಮರುದಿನದಿಂದ ಮೊದಲಾಗುವ ನಲವತ್ತು ವರ್ಷಗಳಿಗೆ ಎಷ್ಟು ಸಿದ್ಧತೆ ನಡೆದಿರುತ್ತದೆ? ಈ ಸಲದ ಪುಟವನ್ನು ಈ ಪ್ರಶ್ನೆಗೆಂದೇ ಮೀಸಲಿಡೋಣವೆಂದುಕೊಂಡೆವು.

ನಮ್ಮ ಸಂಘ ಎಲ್ಲ ಮತದ ಕನ್ನಡಿಗರದು. ಇತರ ವಾಚಕರು ಪುಟವನ್ನು ಮಗುಚಿಬಿಡಬಾರದೆಂದು ಕೋರುತ್ತೇವೆ. ನೆರೆಮನೆಯ ದೀಪದ ಬೆಳಕು ನಮ್ಮ ಅಂಗಳಕ್ಕೂ ಅಷ್ಟಿಷ್ಟು ಬೀಳುವುದುಂಟು.

ಮೊದಲು ಮದುವೆಯ ಪ್ರತಿಜ್ಞೆಯನ್ನೇ ತೆಗೆದುಕೊಳ್ಳೋಣ. ಸಿರಿತನ ಬಡತನ, ಆರೋಗ್ಯ ಅನಾರೋಗ್ಯ, ಯಾವುದು ಬಂದರೂ ಮರಣದ ತನಕ ಬಿಡೆನೆಂದು ಇಬ್ಬರೂ ದೇವರ ಮುಂದೆ ಮಾತು ಕೊಡುತ್ತಾರೆ. ಇದರಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ‘ನನಗೆ ನಿನ್ನ ಮೇಲೆ ಬಹಳ ಪ್ರೀತಿ ಹುಟ್ಟಿದೆ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ‘ಪ್ರೀತಿಸುವೆನು’ ಎನ್ನುತ್ತಾರೆ. ಇಂದಿನ ಮನಸ್ಸಿನ ವರದಿಯಲ್ಲ ಅದು, ನಾಳಿನ ನಡತೆಗೆ ಬರೆದುಕೊಟ್ಟ ಕರಾರು. ಮನಸ್ಸು ಬೇಸಿಗೆಯ ಕೆರೆಯಂತೆ ಇಳಿದ ದಿನವೂ ಕರಾರು ಉಳಿದಿರಬೇಕು.

ಕಾನೂನು ಇದಕ್ಕೆ ಎಷ್ಟು ನೆರವಾದೀತು? 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ಸಾಕ್ಷಿಗಳ ಮುಂದೆ ರಿಜಿಸ್ಟರಿನಲ್ಲಿ ರುಜು ಬೀಳುತ್ತದೆ; ಮದುವೆ ನಡೆದುದಕ್ಕೆ ಅದು ಆಧಾರ. ಮುರಿದುಬಿದ್ದ ಮದುವೆಗಾಗಿ ಇನ್ನೊಂದು ಕಾಯಿದೆಯುಂಟು, 1869ರದು. ಆ ಕಾಯಿದೆಯಲ್ಲಿ ಬಹುಕಾಲ ಹೆಣ್ಣಿಗೊಂದು ಗಂಡಿಗೊಂದು ತಕ್ಕಡಿ ಇತ್ತು. ಗಂಡನು ಹೆಂಡತಿಯ ವ್ಯಭಿಚಾರವನ್ನು ಸಾಧಿಸಿದರೆ ಸಾಕಾಗಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಸಾಮಾನ್ಯವಾಗಿ ಅವನ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಕೂಡ ಸಾಧಿಸಬೇಕಾಗಿತ್ತು. ಕಾಯಿದೆಯ ಪುಸ್ತಕದಲ್ಲಿ ಈ ಭೇದ ಅಳಿದುದು 2001ರ ತಿದ್ದುಪಡಿಯಿಂದ. ನ್ಯಾಯವಾದುದೇ ಆಯಿತು. ಆದರೂ ಕಾಯಿದೆ ಮದುವೆಯನ್ನು ಬರೆದಿಡಬಲ್ಲುದು, ಬಿಡಿಸಬಲ್ಲುದು, ಬಾಳಿಸಲಾರದು. ಬಾಳಿಸುವ ಕೆಲಸ ಮನೆಯೊಳಗೆ, ಆ ಇಬ್ಬರಿಂದಲೇ ಆಗಬೇಕು.

ಊರಿನಲ್ಲಿದ್ದಾಗ ಆ ಇಬ್ಬರಿಗೆ ಹತ್ತು ಜನರ ಊರುಗೋಲು ಇರುತ್ತಿತ್ತು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಹುಟ್ಟಿದ್ದು ತುಂಬಿದ ಮನೆಯಲ್ಲಿ. ಮಗ ಸೊಸೆ ಮುಖ ಗಂಟುಹಾಕಿಕೊಂಡರೆ ಅತ್ತೆ ‘ಅವನನ್ನು ಊಟಕ್ಕೆ ಕರಿಯಮ್ಮಾ’ ಎನ್ನುವಳು. ಸೊಸೆ ಕರೆಯಲೇಬೇಕು, ಮಗ ಓಗೊಡಲೇಬೇಕು. ಅಲ್ಲಿಗೆ ಮೌನ ಮುರಿಯಿತು. ಅದೂ ಸಾಲದಿದ್ದರೆ ಸೋದರಮಾವನೋ ಸಭಾಪಾಲಕರೋ ಒಂದು ಸಂಜೆ ಕಾಫಿಗೆಂದು ಬಂದು ಹೋಗುವರು.

ಇಲ್ಲಿ, ಪರಊರಿನ ಎರಡು ಕೋಣೆಯ ಮನೆಯಲ್ಲಿ, ಆ ಅನುಕೂಲವಿಲ್ಲ. ಒಬ್ಬರು ಎಂಟು ಗಂಟೆಗೆ ಉಂಡರೆ ಮತ್ತೊಬ್ಬರು ಲೋಕಲ್ ಟ್ರೇನು ಹಿಡಿದು ಬರುವುದು ಹತ್ತಕ್ಕೆ. ಒಬ್ಬರಿಗೆ ಹಗಲು ಪಾಳಿ, ಇನ್ನೊಬ್ಬರಿಗೆ ರಾತ್ರಿ ಪಾಳಿ. ಒಂದೇ ಮನೆಯಲ್ಲಿದ್ದೂ ಇಬ್ಬರ ಕಣ್ಣೂ ತಂತಮ್ಮ ಮೊಬೈಲಿನ ಮೇಲೆ. ಇಂಥಲ್ಲಿ ಉಂಡು ಮಲಗಿದರೆ ಜಗಳ ತೀರುವುದಿಲ್ಲ. ಅದೂ ಅವರೊಡನೆ ಮಲಗಿ ಅವರೊಡನೆಯೇ ಏಳುತ್ತದೆ. ‘ಊಟ ಮೇಜಿನ ಮೇಲಿದೆ ಅಂತ ನಿಮ್ಮಪ್ಪನಿಗೆ ಹೇಳು’ ಎಂದು ಆರು ವರ್ಷದ ಕೂಸನ್ನು ಟಪಾಲಿನವನನ್ನಾಗಿ ಮಾಡಿಕೊಂಡ ಮನೆಗಳನ್ನು ನಾವು ಕಂಡಿದ್ದೇವೆ. ನೀವೂ ಕಂಡಿರಬಹುದು.

ಇಷ್ಟಕ್ಕೂ ಅಲ್ಲಿ ತೊಡಕೇನು? ಪ್ರೀತಿ ಬತ್ತಿರುವುದಿಲ್ಲ. ಮೊದಲು ಯಾರು ಮಾತಾಡಬೇಕು ಎಂಬುದೇ ತೊಡಕು. ಮೊದಲು ಬಾಯಿಬಿಟ್ಟವರು ಸೋತಂತೆ ಎಂಬ ಲೆಕ್ಕ ಇಬ್ಬರ ಮನಸ್ಸಿನಲ್ಲಿಯೂ ಇರುತ್ತದೆ. ವಿಶ್ವಾಸವಿರುವ ದಂಪತಿಗಳಿಗೆ ಒಂದು ದಾರಿ ತೆರೆದಿರುವುದು ಇಲ್ಲಿಯೇ. ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಇಬ್ಬರೂ ತಲೆಬಾಗುತ್ತಾರೆ; ಆದರೆ ಒಬ್ಬರು ಇನ್ನೊಬ್ಬರಿಗೆ ಬಾಗುವುದಿಲ್ಲ, ಇಬ್ಬರೂ ದೇವರಿಗೆ ಬಾಗುತ್ತಾರೆ. ಎದುರುಬದುರು ನಿಂತು ಬಾಗುವುದು ಕಷ್ಟ. ಪಕ್ಕಪಕ್ಕ ನಿಂತು ಒಂದೇ ದಿಕ್ಕಿಗೆ ಬಾಗುವುದು ಅಷ್ಟು ಕಷ್ಟವಲ್ಲ. ಸೋಲು ಗೆಲುವಿನ ಮಾತೇ ಅಲ್ಲಿ ಬರುವುದಿಲ್ಲ. ಕೋಪವನ್ನು ಮರುದಿನಕ್ಕೆ ಉಳಿಸಿಕೊಳ್ಳಬಾರದೆಂಬ ಬುದ್ಧಿವಾದ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ನಮ್ಮ ಗಾದೆಗೂ ಅದಕ್ಕೂ ದೂರವೇನಿಲ್ಲ. ಗಾದೆಯ ಕೆಲಸವನ್ನು ಊರಿನಲ್ಲಿ ಹತ್ತು ಜನ ಮಾಡುತ್ತಿದ್ದರು. ಇಲ್ಲಿ ಅದನ್ನು ಈ ಹತ್ತು ನಿಮಿಷದ ಪ್ರಾರ್ಥನೆ ಮಾಡಬೇಕಾಗಿದೆ.

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಸತ್ಯವೇದದಲ್ಲಿಯೇ ಒಂದು ಜೋಡಿ ಸಿಗುತ್ತದೆ: ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಅಕ್ವಿಲನು ಪೊಂತ ಸೀಮೆಯಲ್ಲಿ ಹುಟ್ಟಿದ ಯೆಹೂದ್ಯ. ರೋಮಾಪುರದಲ್ಲಿದ್ದ ಯೆಹೂದ್ಯರು ಹೊರಡಬೇಕೆಂದು ಕ್ಲೌದ್ಯ ಚಕ್ರವರ್ತಿಯ ಆಜ್ಞೆಯಾದಾಗ ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಕೊರಿಂಥಕ್ಕೆ ಬಂದರು. ಗುಡಾರ ಮಾಡುವುದು ಅವರ ಕಸುಬು. ಪೌಲನದೂ ಅದೇ ಕಸುಬಾದುದರಿಂದ ಅವನು ಅವರ ಮನೆಯಲ್ಲಿ ಉಳಿದು ಅವರೊಡನೆ ದುಡಿದನು. ಮುಂದೆ ಅವರು ಎಫೆಸಕ್ಕೆ ಹೋದರು. ಆಮೇಲೆ ಮತ್ತೆ ರೋಮಾಪುರದಲ್ಲಿ ಕಾಣಿಸಿಕೊಳ್ಳುತ್ತಾರೆ. ಮೂರು ಊರು, ಮೂರು ಬಿಡಾರ! ಬಾಡಿಗೆಯ ಮನೆ ಬದಲಿಸಿ ಬದಲಿಸಿ ಬೇಸತ್ತ ನಮ್ಮ ವಾಚಕರಿಗೆ ಈ ದಂಪತಿಗಳು ಹೊರಗಿನವರೆನಿಸಲಾರರು.

ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಆರು ಕಡೆ ಬರುತ್ತದೆ. ಆರು ಕಡೆಯಲ್ಲಿಯೂ ಇಬ್ಬರ ಹೆಸರೂ ಜೊತೆಯಾಗಿಯೇ ಇದೆ. ಒಮ್ಮೆಯೂ ಒಬ್ಬರು ಒಂಟಿಯಾಗಿ ಬಂದಿಲ್ಲ. ಹೆಂಡತಿಯ ಹೆಸರೇ ಮೊದಲು ಬರುವ ಸ್ಥಳಗಳೂ ಉಂಟು. ಅವರ ಪ್ರೇಮದ ವರ್ಣನೆಗೆ ಒಂದು ಸಾಲೂ ಮೀಸಲಾಗಿಲ್ಲ. ಹಾಗಾದರೆ ಅವರ ವಿಷಯದಲ್ಲಿ ನಮಗೆ ತಿಳಿಯುವುದೇನು? ಕೂಡಿ ದುಡಿದರು, ಕೂಡಿ ಅತಿಥಿಯನ್ನು ಇಟ್ಟುಕೊಂಡರು, ಎಫೆಸದಲ್ಲಿಯೂ ರೋಮಾಪುರದಲ್ಲಿಯೂ ತಮ್ಮ ಮನೆಯನ್ನೇ ವಿಶ್ವಾಸಿಗಳು ಕೂಡುವ ಸ್ಥಳವಾಗಿ ಮಾಡಿದರು. ಊರು ಮೂರು ಸಲ ಬದಲಾದರೂ ಮನೆಯೊಳಗಣ ಈ ಕ್ರಮ ಬದಲಾಗಲಿಲ್ಲ. ಕ್ರಮವೇ ಅವರಿಗೆ ಊರಾಯಿತು.

ಅವರ ಕಥೆಯಲ್ಲಿ ಇನ್ನೊಂದು ಸಣ್ಣ ಸಂಗತಿಯುಂಟು. ಎಫೆಸದಲ್ಲಿ ಅಪೊಲ್ಲೋಸನೆಂಬ ವಾಗ್ಮಿಯೊಬ್ಬನು ಸಭಾಮಂದಿರದಲ್ಲಿ ಮಾತಾಡಿದನು. ಅವನ ತಿಳಿವಳಿಕೆಯಲ್ಲಿ ಕೊರತೆಯಿದ್ದುದು ಇವರಿಗೆ ಗೊತ್ತಾಯಿತು. ಎದ್ದುನಿಂತು ಖಂಡಿಸಲಿಲ್ಲ, ತಮ್ಮಲ್ಲಿಗೆ ಕರೆದುಕೊಂಡು ಹೋಗಿ ವಿವರಿಸಿದರು. ಹೊರಗಿನವನಿಗೇ ಇಷ್ಟು ಮರ್ಯಾದೆ ತೋರಿಸಿದವರು ಮನೆಯೊಳಗೆ ಒಬ್ಬರನ್ನೊಬ್ಬರು ಹೇಗೆ ತಿದ್ದಿಕೊಂಡಿರಬಹುದು! ನೆಂಟರ ಎದುರಿಗೆ ಹೆಂಡತಿಯ ಅಡಿಗೆಯನ್ನು ಹಳಿಯುವ ಗಂಡಂದಿರೂ ಗೆಳತಿಯರ ಮುಂದೆ ಗಂಡನ ಸಂಬಳವನ್ನು ಆಡಿಕೊಳ್ಳುವ ಹೆಂಡಂದಿರೂ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಸಾಕು.

ವಿಶ್ವಾಸ ಒಂದೇ ಎಂದರೆ ರಿಜಿಸ್ಟರಿನಲ್ಲಿ ಇಬ್ಬರ ಹೆಸರಿನ ಮುಂದೆಯೂ ಕ್ರೈಸ್ತರೆಂದು ಬರೆದಿದೆ ಎಂದರ್ಥವಲ್ಲ. ನಾವು ಬಲ್ಲ ಮನೆಯೊಂದರ ಸಂಗತಿ ಹೇಳುತ್ತೇವೆ. ಗಂಡ ಧಾರವಾಡ ಕಡೆಯ ಪ್ರಾಟೆಸ್ಟೆಂಟ್ ಮನೆತನದವರು, ಮನೆಮಾತು ಕನ್ನಡ. ಹೆಂಡತಿ ಮಂಗಳೂರಿನ ಕೆಥೋಲಿಕ್ ಮನೆಯ ಮಗಳು. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಕೆಲಸದ ಊರಿನಲ್ಲಿ ಪರಿಚಯವಾಗಿ ಮದುವೆಯಾದರು. ಇಬ್ಬರೂ ಕ್ರೈಸ್ತರೇ ತಾನೆ, ಇನ್ನೇನು ಎಂದು ಎಲ್ಲರೂ ಅಂದರು. ತೊಡಕು ಕಾಣಿಸಿದ್ದು ಭಾನುವಾರ ಬಂದಾಗ. ಆಕೆಗೆ ಪೂಜೆ ತಪ್ಪಿಸುವಂತಿಲ್ಲ. ಅವರಿಗೆ ಕನ್ನಡ ಕೀರ್ತನೆಯಿಲ್ಲದ ಭಾನುವಾರ ಭಾನುವಾರವಲ್ಲ. ಒಬ್ಬರ ದೇವಾಲಯದಲ್ಲಿ ಇನ್ನೊಬ್ಬರು ಪ್ರಸಾದದ ಪಂಕ್ತಿಯಲ್ಲಿ ನಿಲ್ಲುವ ಹಾಗಿಲ್ಲ. ಒಂದೇ ಬೆಂಚಿನಿಂದ ಒಬ್ಬರು ಎದ್ದು ಹೋಗುವಾಗ ಇನ್ನೊಬ್ಬರು ಕುಳಿತೇ ಇರಬೇಕು. ಆ ಎರಡು ನಿಮಿಷ ಎಷ್ಟು ನೋಯುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಕೂಸು ಹುಟ್ಟಿದಾಗ ಪ್ರಶ್ನೆ ಇನ್ನೂ ಬಿಗಿಯಾಯಿತು: ಸ್ನಾನದೀಕ್ಷೆ ಎಲ್ಲಿ? 1970ರಲ್ಲಿ ಪೋಪ್ ಆರನೆಯ ಪೌಲರು ಹೊರಡಿಸಿದ ನಿಯಮದಂತೆ, ಮಕ್ಕಳನ್ನು ಕೆಥೋಲಿಕ್ ಸಭೆಯಲ್ಲಿ ಬೆಳೆಸಲು ತನ್ನಿಂದಾದುದನ್ನು ಮಾಡುವೆನೆಂದು ಮಾತು ಕೊಡಬೇಕಾದವರು ಕೆಥೋಲಿಕ್ ಸಂಗಾತಿ ಮಾತ್ರ. ಇನ್ನೊಬ್ಬರಿಗೆ ಆ ವಿಷಯವನ್ನು ತಿಳಿಸಿದರೆ ಸಾಕು. ನಿಯಮ ಹಗುರವಾಯಿತು ನಿಜ. ಆದರೆ ಎರಡು ಕಡೆಯ ಅಜ್ಜ ಅಜ್ಜಿಯರಿಗೆ ಯಾವ ನಿಯಮ ಸಮಾಧಾನ ಹೇಳೀತು?

ಈ ದಂಪತಿಗಳು ಮಾಡಿದ್ದೇನೆಂದರೆ, ತಮ್ಮನ್ನು ಬೇರೆ ಮಾಡುವುದೇನೆಂದು ಎಣಿಸುವುದನ್ನು ಬಿಟ್ಟು ತಮ್ಮಿಬ್ಬರಿಗೂ ಸೇರಿದುದೇನೆಂದು ಹುಡುಕಿದರು. ಕರ್ತನು ಕಲಿಸಿದ ಪ್ರಾರ್ಥನೆ ಇಬ್ಬರದೂ ಆಗಿತ್ತು. ಅದನ್ನು ದಿನವೂ ರಾತ್ರಿ ಕನ್ನಡದಲ್ಲಿ ಹೇಳುವುದೆಂದಾಯಿತು. ಬೆಳಗಿನ ಪೂಜೆಗೆ ಗಂಡ ಜೊತೆಯಲ್ಲಿ ಹೋಗುತ್ತಾರೆ. ಸಂಜೆಯ ಕನ್ನಡ ಆರಾಧನೆಗೆ ಹೆಂಡತಿ ಬರುತ್ತಾರೆ. ಆಕೆ ಜಪಸರ ಹಿಡಿದಾಗ ಅವರು ಟಿವಿ ಆರಿಸುತ್ತಾರೆ. ಮಗುವಿನ ದೀಕ್ಷೆ ತಾಯಿಯ ಸಭೆಯಲ್ಲಿ ಆಯಿತು. ಕೀರ್ತನೆ ಕಲಿಸುವವರು ತಂದೆ. ಇದೇ ಎಲ್ಲರಿಗೂ ಮಾದರಿಯೆಂದು ನಾವು ಹೇಳುತ್ತಿಲ್ಲ. ಬೇರೊಂದು ಮನೆ ಬೇರೆ ರೀತಿಯಲ್ಲಿ ಗೊತ್ತುಮಾಡಿಕೊಳ್ಳಬಹುದು. ಆದರೆ ಗೊತ್ತುಮಾಡಿಕೊಳ್ಳುವ ಮಾತು ಮದುವೆಗೆ ಮುಂಚೆಯೇ ಆಗಿದ್ದರೆ ಒಳ್ಳೆಯದು, ತೊಟ್ಟಿಲು ಕಟ್ಟಿದ ಮೇಲಲ್ಲ.

ಹೊಂದಿಕೆಗೆ ಸಮಯ ಬೇಕು. 1919ರಲ್ಲಿ ತರಂಗಂಬಾಡಿಯಲ್ಲಿ ಕೂಡಿ ಮಾತು ಮೊದಲುಮಾಡಿದ ದಕ್ಷಿಣ ಭಾರತದ ಸಭೆಗಳು ಒಂದಾದುದು 1947ರ ಸೆಪ್ಟೆಂಬರ್ 27ರಂದು, ಚೆನ್ನೈಯಲ್ಲಿ. ಆಂಗ್ಲಿಕನ್ನರು, ಮೆಥಡಿಸ್ಟರು, ಐಕ್ಯ ಸಭೆಯವರು ಒಂದೇ ಸೂರಿನಡಿ ಬರಲು 28 ವರ್ಷ ಹಿಡಿಯಿತು. ದೇವಜ್ಞಾನ ಓದಿದ ಹಿರಿಯರಿಗೇ ಅಷ್ಟು ಕಾಲ ಬೇಕಾಗಿದ್ದರೆ, ಮದುವೆಯಾದ ಮೊದಲನೆಯ ಕ್ರಿಸ್ಮಸ್ಸಿಗೇ ಎಲ್ಲ ಸರಿಹೋಗಬೇಕೆಂದು ಅವಸರಪಡುವುದೇಕೆ?

ಈಗ ಕುಟುಂಬ ಪ್ರಾರ್ಥನೆಯ ವಿಷಯದಲ್ಲಿ ನಾಲ್ಕು ವ್ಯಾವಹಾರಿಕ ಮಾತು. ಹತ್ತು ನಿಮಿಷ ಸಾಕು. ಅರ್ಧ ಗಂಟೆ ಎಂದು ಹೊರಟವರು ಹದಿನೈದನೆಯ ದಿನ ನಿಲ್ಲಿಸಿಬಿಡುತ್ತಾರೆ. ಪಾಳಿಯ ಕೆಲಸದವರು ರಾತ್ರಿಯೇ ಆಗಬೇಕೆಂದು ಹಟ ಹಿಡಿಯಬಾರದು. ಒಬ್ಬರು ಬರುವ, ಒಬ್ಬರು ಹೋಗುವ ಬೆಳಗಿನ ಹೊತ್ತೂ ಆದೀತು. ದಿನವೂ ಗಂಡನೇ ನಡೆಸಬೇಕೆಂಬ ಕಟ್ಟಳೆ ಬೇಡ. ಸರದಿಯಂತೆ ಎಲ್ಲರೂ ನಡೆಸಲಿ, ಮಕ್ಕಳೂ ನಡೆಸಲಿ. ಭಾಷೆ ಕನ್ನಡವಾಗಿರಲಿ ಎಂಬುದು ನಮ್ಮ ಆಶೆ. 1831ರ ಹೊತ್ತಿಗೇ ಬಳ್ಳಾರಿಯ ಮಿಷನರಿಗಳ ದುಡಿಮೆಯಿಂದ ಇಡೀ ಸತ್ಯವೇದ ಕನ್ನಡಕ್ಕೆ ಬಂದಿತ್ತು. ಇಂಗ್ಲಿಷು ಶಾಲೆಯ ಮಕ್ಕಳು ತಡವರಿಸಿಕೊಂಡಾದರೂ ದಿನಕ್ಕೆ ನಾಲ್ಕು ವಚನ ಓದಿದರೆ ಅಕ್ಷರವೂ ಉಳಿಯಿತು, ಅಜ್ಜಿಗೆ ಫೋನಿನಲ್ಲಿ ಓದಿ ಹೇಳಲು ಒಂದು ಭಾಗವೂ ಸಿಕ್ಕಿತು.

ಒಂದು ಎಚ್ಚರಿಕೆ. ಪ್ರಾರ್ಥನೆಯನ್ನು ಜಗಳದ ಎರಡನೆಯ ಅಧ್ಯಾಯವನ್ನಾಗಿ ಮಾಡಬಾರದು. ‘ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ದುಂದುವೆಚ್ಚದ ಸ್ವಭಾವವುಂಟು, ಅವರಿಗೆ ಒಳ್ಳೆಯ ಬುದ್ಧಿ ದಯಪಾಲಿಸು’ ಎಂದು ಗಂಡ ಕಣ್ಣುಮುಚ್ಚಿ ಹೇಳಿದರೆ, ಹೆಂಡತಿ ಒಂದು ಕಣ್ಣು ತೆರೆದು, ‘ಕರ್ತನೇ, ಸಿಡುಕಿನ ಸ್ವಭಾವದವರನ್ನೂ ಮರೆಯಬೇಡ’ ಎಂದು ಸೇರಿಸಿಯಾಳು! ದೇವರ ಹೆಗಲ ಮೇಲೆ ಬಂದೂಕನಿಟ್ಟು ಹಾರಿಸುವ ಇಂಥ ಪ್ರಾರ್ಥನೆಗಿಂತ ಮೌನವೇ ಲೇಸು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುವ ಮಾತಿನ ಬೆನ್ನಿಗೇ ಇತರರನ್ನು ಕ್ಷಮಿಸುವ ಮಾತೂ ಇದೆ. ಪಕ್ಕದಲ್ಲಿ ಕುಳಿತವರ ಮೇಲೆ ಮುನಿಸಿಟ್ಟುಕೊಂಡು ಆ ಸಾಲನ್ನು ದಾಟುವುದು ಸುಲಭವಲ್ಲ. ಗಂಟಲು ಅಲ್ಲಿ ಕಟ್ಟಿದರೆ ಕಟ್ಟಲಿ. ಪ್ರಾರ್ಥನೆ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಪ್ರಾರ್ಥನೆಯಲ್ಲಿ ಕೂಡಿದವರು ಹಣದ ವಿಷಯದಲ್ಲಿ ಬೇರೆಯಾದರೆ ಫಲವಿಲ್ಲ. ಪರಊರಿನ ಸಂಸಾರಗಳಲ್ಲಿ ಊರಿಗೆ ಕಳಿಸುವ ಹಣವೇ ಬಹಳ ಮುನಿಸಿಗೆ ಮೂಲ. ಗಂಡ ತನ್ನ ತಂದೆಗೆ ಕಳಿಸಿದ್ದನ್ನು ಹೆಂಡತಿಗೆ ಹೇಳುವುದಿಲ್ಲ. ಹೆಂಡತಿ ತನ್ನ ತಾಯಿಯ ಔಷಧಕ್ಕೆ ಕೊಟ್ಟದ್ದನ್ನು ಗಂಡನಿಗೆ ಹೇಳುವುದಿಲ್ಲ. ಕೊಟ್ಟದ್ದರಲ್ಲಿ ತಪ್ಪಿಲ್ಲ, ಮುಚ್ಚಿಟ್ಟದ್ದರಲ್ಲಿ ತಪ್ಪು. ತಿಂಗಳ ಮೊದಲನೆಯ ವಾರ ಇಬ್ಬರೂ ಕುಳಿತು ಬಾಡಿಗೆ, ಶಾಲೆಯ ಫೀಜು, ಎರಡು ಕಡೆಯ ಹಿರಿಯರ ಪಾಲು, ಸಭೆಯ ಕಾಣಿಕೆ, ಇವನ್ನು ಒಂದೇ ಕಾಗದದಲ್ಲಿ ಬರೆದುಕೊಳ್ಳಲಿ. ಅಕ್ವಿಲ ಪ್ರಿಸ್ಕಿಲ್ಲರ ಕಸುಬು ಒಂದೇ ಆಗಿತ್ತು. ನಮ್ಮ ಕಸುಬು ಬೇರೆಯಾದರೂ ಲೆಕ್ಕದ ಪುಸ್ತಕ ಒಂದೇ ಇರಬಹುದಲ್ಲ!

ಇಬ್ಬರ ವಿಶ್ವಾಸವೂ ಒಂದೇ ತೂಕದ್ದಾಗಿರುವುದು ಅಪರೂಪ. ಒಬ್ಬರು ತಪ್ಪದೆ ದೇವಾಲಯಕ್ಕೆ ಹೋಗುವವರು, ಇನ್ನೊಬ್ಬರು ಕ್ರಿಸ್ಮಸ್ಸಿಗೆ ಮಾತ್ರ ಹೊಸ ಅಂಗಿ ತೊಟ್ಟು ಬರುವವರು. ಇಂಥಲ್ಲಿ ಉಪದೇಶ ಹೆಚ್ಚಾದಷ್ಟೂ ದೂರ ಹೆಚ್ಚುತ್ತದೆ. ಪೇತ್ರನ ಮೊದಲನೆಯ ಪತ್ರದಲ್ಲಿ, ಮಾತಿಲ್ಲದೆ ನಡತೆಯಿಂದಲೇ ಗೆಲ್ಲಬಹುದೆಂಬ ಸಲಹೆ ಹೆಂಡತಿಯರಿಗೆ ಉಂಟು. ಗಂಡಂದಿರಿಗೂ ಅದು ಸಲ್ಲುತ್ತದೆಂದು ನಾವು ಸೇರಿಸುತ್ತೇವೆ. ಭಾನುವಾರ ಬೆಳಿಗ್ಗೆ ಎಬ್ಬಿಸಿ ಗದರುವುದಕ್ಕಿಂತ, ಹೋಗಿ ಬಂದ ಮೇಲೆ ಮನೆಯಲ್ಲಿ ಒಂದಿಷ್ಟು ಮೃದುವಾಗಿರುವುದು ದೊಡ್ಡ ಸಾಕ್ಷಿ.

ಕೊನೆಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಹನೆಯ ಹೆಸರಿನಲ್ಲಿ ಹೊಡೆತ ತಿನ್ನಬೇಕೆಂದು ಯಾರೂ ಯಾವ ಸೋದರಿಗೂ ಬೋಧಿಸಬಾರದು. ಕುಡಿದು ಕೈಯೆತ್ತುವವನ ಜೊತೆ ಕುಳಿತು ಪ್ರಾರ್ಥಿಸಿದರೆ ಸರಿಹೋಗುತ್ತದೆಂದು ಅವಳನ್ನು ಅಲ್ಲಿಗೇ ಮರಳಿ ಕಳಿಸುವುದು ವಿಶ್ವಾಸವಲ್ಲ, ಹೊಣೆಗೇಡಿತನ. ಮೊದಲು ಅವಳೂ ಮಕ್ಕಳೂ ಸುರಕ್ಷಿತವಾಗಿರಬೇಕು. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆ ಎಲ್ಲ ಮತದ ಹೆಂಗಸರಿಗೂ ರಕ್ಷಣೆ ಕೊಡುತ್ತದೆ. ಪ್ರತಿಜ್ಞೆ ಮಾಡಿದವರು ಇಬ್ಬರು. ಅದನ್ನು ಒಬ್ಬಳ ಬೆನ್ನಮೇಲೆ ಹೇರಿ ಉಳಿಸಲಾಗದು.

ಸಂಘದ ಹಿರಿಯ ದಂಪತಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಊರಿನ ಸೋದರಮಾವ, ಸೋದರತ್ತೆಯರ ಸ್ಥಾನ ಇಲ್ಲಿ ಖಾಲಿಯಾಗಿದೆ. ಹೊಸದಾಗಿ ಮದುವೆಯಾಗಿ ಬಂದ ಜೋಡಿಯನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆಯಿರಿ. ಉಪದೇಶ ಬೇಡ, ಸಾರು ಅನ್ನ ಸಾಕು. ನೀವು ಒಬ್ಬರಿಗೊಬ್ಬರು ಬಡಿಸುವುದನ್ನು ಅವರು ನೋಡಲಿ.

ಇನ್ನು ಕಿರಿಯರಿಗೆ: ಮುಂದಿನ ಸಂಚಿಕೆಗಾಗಿ ಕಾಯಬೇಡಿರಿ, ಒಳ್ಳೆಯ ಮುಹೂರ್ತವನ್ನೂ ಹುಡುಕಬೇಡಿರಿ. ಈ ರಾತ್ರಿಯೇ ಊಟವಾದ ಮೇಲೆ ಎರಡು ಮೊಬೈಲುಗಳನ್ನೂ ಅಡಿಗೆಮನೆಯ ಕಪಾಟಿನಲ್ಲಿಟ್ಟು ಹತ್ತು ನಿಮಿಷ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಿರಿ. ಹೇಳಲು ಮಾತು ತೋಚದಿದ್ದರೆ ಎಲ್ಲರೂ ಬಲ್ಲ ಆ ಒಂದು ಪ್ರಾರ್ಥನೆಯನ್ನು ಹೇಳಿರಿ. ‘ಆಮೆನ್’ ಎಂಬುದನ್ನು ಮಾತ್ರ ಇಬ್ಬರೂ ಕೂಡಿಯೇ ಹೇಳಿರಿ.